ಅಪ್‌ಡೇಟ್: ಮೂವರು ಮಕ್ಕಳ ಪುಸ್ತಕಗಳು

ನಾಲ್ಕು, ಎಂಟು, ಹನ್ನೆರಡು ವಯಸ್ಸಿನ ನಮ್ಮ ಮಕ್ಕಳಿಗೆ ಕಥೆಯಲ್ಲದ ಕನ್ನಡ ಪುಸ್ತಕ ಯಾವುದು ಕೊಡಿಸಲಿ ಎಂದು ಬೀದರಿನಿಂದ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಶರಣು.

ಚಿಕ್ಕವಳಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿರುವ ಉಚಿತ ಪುಸ್ತಕಗಳೇ ಸಾಕಾದವು. ಮೊಬೈಲ್ ಕೈಗೆ ಕೊಡದೆ, ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಪಿನ್ ಹೊಡೆಸಿದೆ. ಇರುವೆಗಳ ಪುಟಕ್ಕೆ ಆಗಲೇ ಎಣ್ಣೆಗೈ ಗುರುತು ಬಿದ್ದಿದೆ.

ಎಂಟರ ಹುಡುಗನದೇ ದೊಡ್ಡ ಸುದ್ದಿ. ಅಂತರ್ಜಲದ ಪುಸ್ತಕ ಓದುತ್ತಾ, ನೆಲದೊಳಗೆ ನೀರು ಹೇಗೆ ಹರಿಯುತ್ತದೆ ಎಂದು ಪ್ರಾಣ ತಿಂದ. ನೌಬಾದಿನ ಕರೇಜ್‌ಗೆ ಕರೆದುಕೊಂಡು ಹೋದೆ. ಬಹಮನಿ ಕಾಲದ ಆ ಸುರಂಗ ಕಾಲುವೆಯಲ್ಲಿ ನೀರನ್ನು ನಡೆಸುವುದು ಇಳಿಜಾರೊಂದೇ. ಮೇಲೆ ಸಾಲಾಗಿ ಬಾವಿಯಂಥ ಕಿಂಡಿಗಳು. ಮನೆಗೆ ಬಂದವನೇ ಪುಸ್ತಕದ ಅಂಚಿನಲ್ಲಿ ಅದರ ಚಿತ್ರ ಬಿಡಿಸಿದ. ಪುಸ್ತಕ ಹಾಳಾಯಿತೆಂದು ಅಜ್ಜಿಯ ತಕರಾರು, ನನಗೇನೂ ಇಲ್ಲ.

ದೊಡ್ಡವಳಿಗೆ ಭಾರತ-ಭಾರತಿ ಮಾಲೆಯ ಕಿರು ಜೀವನಚರಿತ್ರೆಗಳು ಹಿಡಿಸಿವೆ. ನೀವು ಹೇಳಿದ ಕಾರಂತರ ‘ಬಾಲ ಪ್ರಪಂಚ’ವನ್ನು ಗ್ರಂಥಾಲಯದಿಂದ ತಂದೆ. 1936ರ ಪುಸ್ತಕವಾದ್ದರಿಂದ ವಿಜ್ಞಾನದ ಸಂಗತಿಗಳು ಹಳತಾಗಿವೆ, ಆದರೂ ಅವಳಿಗಿಂತ ಹೆಚ್ಚು ನಾನೇ ಓದುತ್ತಿದ್ದೇನೆ.

ಗಣಿತ ಮಾತ್ರ ಬಾಕಿ. ಹನ್ನೆರಡರವರಿಗೆ ಒಗ್ಗುವಂಥದ್ದು ಕನ್ನಡದಲ್ಲಿದ್ದರೆ ತಿಳಿಸಿ.