ಮೆಲ್ಬರ್ನ್‌ನ ಬರ್ಕ್-ವಿಲ್ಸ್ ಪ್ರತಿಮೆ ನೋಡಿದೋರು ಯಾರರ ಅದೀರೇನು?

ಬಳ್ಳಾರಿ_ಕೋಟಿ: ನಮಸ್ಕಾರ ರೀ ಎಲ್ರಿಗೂ. ಅಣ್ಣ ಮೆಲ್ಬರ್ನ್‌ದಾಗ ಇರ್ತಾನ, ಅಪ್ಪ-ಅವ್ವನ್ನ ಕರ್ಕೊಂಡು ಹೊಂಟೀನಿ. ಅಪ್ಪ ರಿಟೈರ್ಡ್ ಹಿಸ್ಟರಿ ಮಾಸ್ತರು, ಬರ್ಕ್-ವಿಲ್ಸ್ ಅಂತ ಬ್ರಿಟಿಷರ ಕಾಲದಾಗ ಮರುಭೂಮಿ ದಾಟಾಕ ಹೋಗಿ ಸತ್ರಲ್ಲ, ಅವರ ಕಂಚಿನ ಪ್ರತಿಮೆ ನೋಡ್ಲೇಬೇಕು ಅಂತ ಹಠ ಹಿಡಿದಾರ. ಸಿಟಿ ನಡುವ ಐತಾ? ಮತ್ತ ನನಗ ಒಂದ್ ತಿಳಿವಲ್ದು, ಉಪವಾಸ ಬಿದ್ದು ಸತ್ತೋರಿಗೆ ಇಷ್ಟ್ ಮರ್ಯಾದಿ ಯಾಕ?

ರಾಯಚೂರು_ಬಿಸಿಲು: ಅದು 1865ರದು, ಚಾರ್ಲ್ಸ್ ಸಮ್ಮರ್ಸ್ ಮಾಡಿದ್ದು. ಊರು ಬೆಳದಂಗ ಅಲ್ಲಿಂದಿಲ್ಲಿಗೆ ಎತ್ತಿಟ್ಟು ಎತ್ತಿಟ್ಟು ಸಾಕಾಗೇದ, 2017ರಾಗ ಮೆಟ್ರೊ ಸುರಂಗದ ಕೆಲಸಕ್ಕಂತ ಮತ್ತ ತೆಗೆದ್ರು. ನಿಮ್ಮ ಅಣ್ಣಗ ಹೇಳ್ರಿ, ಈಗ ಎಲ್ಲದ ಅಂತ ವಿಚಾರಿಸಿನೇ ಹೋಗ್ರಿ. ಮರ್ಯಾದಿ ಮಾತು ಬಿಡ್ರಿ, 1860ರ ಆಗಸ್ಟ್‌ದಾಗ ಹೊಂಟಾಗ ಊರಿಗೂರೇ ನಿಂತು ಕಳಿಸಿತ್ತು. ಕರಾಚಿಯಿಂದ ಹಡಗಿನಾಗ ತರಿಸಿದ ಒಂಟಿ, ಸುಮಾರು 20 ಟನ್ ಸಾಮಾನು, ಅದರಾಗ ಊಟದ ಟೇಬಲ್ಲು, ಜಾಗಟಿನೂ! ಮದುವಿ ದಿಬ್ಬಣ ಹೊಂಟಂಗ.

ಕುಷ್ಟಗಿ_ಮಂಜ: ನಿಜವಾದ ಸ್ಮಾರಕ ಬೇಕಂದ್ರ ಕೂಪರ್ ಹಳ್ಳದ ದಂಡಿಮ್ಯಾಲಿನ ಕೂಲಬಾ ಮರ ರೀ, ‘ಡಿಗ್ ಟ್ರೀ’ ಅಂತಾರ. ಉತ್ತರದ ಕಡಲ ಹತ್ರದ ತನಕ ಹೋಗಿ, ಜೊತಿಗಿದ್ದ ಗ್ರೇ ಅನ್ನೋನ್ನ ವಾಪಸ್ ಬರೋ ದಾರಿಯಾಗ ಮಣ್ಣು ಮಾಡಿ, ಬರ್ಕ್, ವಿಲ್ಸ್, ಕಿಂಗ್ ಮೂವರು 1861ರ ಏಪ್ರಿಲ್ 21ರ ಸಂಜಿ ಕ್ಯಾಂಪಿಗೆ ಬಂದ್ರ ಅಲ್ಲಿ ಯಾರೂ ಇಲ್ಲ. ಕ್ಯಾಂಪ್ ಕಾಯಾಕ ಬಿಟ್ಟಿದ್ದ, ನಾಕ್ ತಿಂಗಳು ಕಾದಿದ್ದ ಬ್ರಾಹೆ ಮಂದಿ ಅವತ್ತ ಮುಂಜಾನೆ ಜಾಗ ಖಾಲಿ ಮಾಡಿದ್ರು! ಅಗಿ ಅಂತ ಮರದ ಮ್ಯಾಲೆ ಕೆತ್ತಿ, ಬುಡದಾಗ ಧಾನ್ಯ ಹೂತಿಟ್ಟಿದ್ರು. ಇವ್ರು ಅದನ್ನ ತಗೊಂಡು, ತಮ್ಮ ಚೀಟಿ ಇಟ್ಟು ಮಣ್ಣು ಮುಚ್ಚಿದ್ರು, ಮರದ ಮ್ಯಾಲೆ ಮಾತ್ರ ಒಂದು ಗೀಟೂ ಹೊಸದಾಗಿ ಹಾಕ್ಲಿಲ್ಲ. ಮೇ ತಿಂಗಳಾಗ ಬ್ರಾಹೆ ವಾಪಸ್ ಬಂದು ನೋಡ್ದ, ಯಾರೂ ಬಂದಂಗಿಲ್ಲ ಅಂತ ಹಂಗೇ ಹೋದ. ನನಗಂತೂ ಇದು ಓದಿದಾಗ ಹೊಟ್ಟಿ ಉರೀತು.

ಗಂಗಾವತಿ_ಭತ್ತ: ಅಲ್ಲಿಂದ ಮುಂದ ಅವ್ರು ತಿಂದಿದ್ದು ನಾರ್ಡೂ. ನಮ್ಮ ಗದ್ದಿ ನೀರಾಗ ನಾಕೆಲಿ ಕಳೆ ಬೆಳಿತೈತಲ್ಲ, ಅದೇ ಜಾತಿದು. ಅದರಾಗ ಬಿ1 ವಿಟಮಿನ್ ಹಾಳು ಮಾಡೋ ಅಂಶ ಐತಿ. ಅಲ್ಲಿನ ಯಾಂಡ್ರುವಾಂಡಾ ಮಂದಿಗೆ ಅದನ್ನ ಹದ ಮಾಡೋದು ಗೊತ್ತಿತ್ತು, ಇವ್ರಿಗೆ ಗೊತ್ತಿರ್ಲಿಲ್ಲ, ಹೊಟ್ಟಿ ತುಂಬ ತಿಂದ್ರೂ ಕಾಲು ಸೋತು ಹೋದ್ವು. ಎಳೇ ಜೋಳದ ಗರಿ ದನಕ್ಕ ಹಾಕಬಾರ್ದು ಅಂತ ನಮ್ಮೂರ ಹುಡುಗ್ರಿಗೂ ಗೊತ್ತಿರ್ತೈತಿ, ಪಟ್ಟಣದಿಂದ ಬಂದೋರಿಗೆ ಹೆಂಗ ಗೊತ್ತಾಗ್ಬೇಕು? ಆ ಮಂದಿ ಮೀನು ಕೊಟ್ರ ಬರ್ಕ್ ಬಂದೂಕು ಹಾರಿಸಿ ಓಡಿಸ್ದ. ಜೂನ್ ಕೊನೀ ಹೊತ್ತಿಗೆ ಬರ್ಕ್, ವಿಲ್ಸ್ ಇಬ್ರೂ ಸತ್ರು. ಕಿಂಗ್ ಆ ಯಾಂಡ್ರುವಾಂಡಾ ಮಂದಿ ಜೊತಿಗೇ ಉಳ್ಕೊಂಡ, ಸೆಪ್ಟೆಂಬರ್‌ನ್ಯಾಗ ಹುಡುಕಾಕ ಬಂದ ತಂಡದ ಹೋವಿಟ್ ಸಿಗೋ ತನಕ ಬದುಕಿದ್ದ.

ಬಳ್ಳಾರಿ_ಕೋಟಿ: ಅಪ್ಪಗ ಎಲ್ಲಾ ಓದಿ ಹೇಳ್ದೆ. ಕಿಂಗ್ ನಮ್ಮ ದೇಶದಾಗ ಸಿಪಾಯಿ ಆಗಿದ್ದೋನು, ಒಂಟಿ ಜೊತಿಗೇ ಇಲ್ಲಿಂದ ಹೋದೋನು ಅಂತ ಅವ್ರೂ ಒಂದು ಸೇರಿಸಿದ್ರು. ಈಗ ಮರಾನೂ ನೋಡ್ಬೇಕಂತ! ಕಾರು ಹೋಗ್ತೈತಾ?

ಕುಷ್ಟಗಿ_ಮಂಜ: ಮೆಲ್ಬರ್ನ್‌ನಿಂದ ಸಾವಿರ ಕಿಲೋಮೀಟರ್ ಮ್ಯಾಲೆ ಐತಿ ಅಣ್ಣಾ, ಕೊನೀಗೆ ಮಣ್ಣಿನ ರಸ್ತೆ, ಮಳಿ ಬಂದ್ರ ಬಂದ್. ವಯಸ್ಸಾದೋರನ್ನ ಕರ್ಕೊಂಡು ಬ್ಯಾಡ. ಹೊರಟ ಜಾಗ ರಾಯಲ್ ಪಾರ್ಕ್ ಊರೊಳಗೇ ಐತಿ, ಅಲ್ಲೂ ಕಲ್ಲಿನ ಗುರುತು ಐತಿ, ಟ್ರಾಮ್‌ದಾಗ ಕರ್ಕೊಂಡು ಹೋಗ್ರಿ.