ಸಹಾಯ ಬೇಕು: ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇದೆ, ಕಾರು ಗೋಡೆಗೆ ಗುದ್ದಿದೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ಮಳೆಯಲ್ಲಿ ತಿರುವು ತೆಗೆದುಕೊಳ್ಳುವಾಗ ಕಾರು ಜಾರಿ, ಯಾರದೋ ಮನೆಯ ಕಾಂಪೌಂಡಿಗೆ ಗುದ್ದಿತು. ಬೇರೆ ಗಾಡಿ ಯಾವುದೂ ಇರಲಿಲ್ಲ. ಸ್ಪೀಡ್ ಜಾಸ್ತಿ ಇತ್ತು, ತಪ್ಪು ನನ್ನದೇ. ಬಂಪರ್ ಕಳಚಿ ನೇತಾಡುತ್ತಿದೆ. ಎಡಗಡೆ ಹೆಡ್‌ಲೈಟ್ ಪುಡಿಪುಡಿ. ರೇಡಿಯೇಟರ್‌ನಿಂದ ಕೂಲೆಂಟ್ ತೊಟ್ಟಿಕ್ಕುತ್ತಾ ಇದೆ. ಸೀಟ್ ಬೆಲ್ಟ್ ಒತ್ತಿ ನನ್ನ ಭುಜ ಕಂದಿದೆ, ಪಕ್ಕದಲ್ಲಿದ್ದ ತಮ್ಮನ ಮಣಿಕಟ್ಟು ಉಳುಕಿದೆ.

ದುಡ್ಡು ಉಳಿಸೋಣ ಅಂತ ಕಡ್ಡಾಯವಾದಷ್ಟು ಪಾಲಿಸಿ ಮಾತ್ರ ಮಾಡಿಸಿದ್ದೆ. ಈಗ ಕೂತು ಓದಿದರೆ, ಅದು ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರವಂತೆ. ನನ್ನ ಕಾರಿನ ರಿಪೇರಿಗೆ ಬಿಡಿಗಾಸೂ ಬರುವುದಿಲ್ಲ. ಅದಕ್ಕೆ ಕಾಂಪ್ರಿಹೆನ್ಸಿವ್ ಇರಬೇಕಿತ್ತು. ಸರಿ, ಅದನ್ನು ಬಿಟ್ಟೆ.

ಆದರೆ ಆ ಗೋಡೆ ನನ್ನದಲ್ಲವಲ್ಲ! ಅದು ಥರ್ಡ್ ಪಾರ್ಟಿ ಲೆಕ್ಕಕ್ಕೇ ಬರಬೇಕು, ಅಲ್ವಾ? ಆ ಮನೆಯವರು ಕೈಗೇ ದುಡ್ಡು ಕೊಡಿ ಎನ್ನುತ್ತಿದ್ದಾರೆ. ಕಂಪನಿಗೆ ತಿಳಿಸದೆ ಕೊಟ್ಟರೆ ಆಮೇಲೆ ಕ್ಲೇಮ್‌ಗೆ ತೊಂದರೆಯಾಗುತ್ತದಾ? ತಮ್ಮನ ಚಿಕಿತ್ಸೆ ಖರ್ಚು ಇದರಲ್ಲಿ ಸೇರುತ್ತದಾ, ಇಲ್ಲ ಅದಕ್ಕೆ ಬೇರೆ ಕವರ್ ಇರಬೇಕಾ? ಗೋಡೆಯ ಫೋಟೊಗಳನ್ನು ಆವತ್ತೇ ತೆಗೆದಿಟ್ಟಿದ್ದೇನೆ.

ಹೀಗೆ ಒಂಟಿಯಾಗಿ ಗುದ್ದಿಕೊಂಡು ಕ್ಲೇಮ್ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಬೈಯ್ಯೋದಿದ್ದರೆ ಆಮೇಲೆ ಬೈಯಿರಿ, ಮನೆಯಲ್ಲಿ ಈಗಾಗಲೇ ಸಾಕಷ್ಟು ಆಗಿದೆ.