ರಾತ್ರಿ ಎರಡಕ್ಕೆ ನಾಯಿ ಬೊಗಳಿದಂಥ ಕೆಮ್ಮು: ಇವತ್ತೂ ಬಂದರೆ?

ಮುಧೋಳದ ತಾಯಿ:

ಮಗನಿಗೆ ಒಂದು ವರ್ಷ ಹತ್ತು ತಿಂಗಳು. ಮೊನ್ನೆಯಿಂದ ಮೂಗು ಸೋರುತ್ತಿತ್ತು, ಅಷ್ಟೇ. ನಿನ್ನೆ ರಾತ್ರಿ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿಂದು ಮಲಗಿದ. ಎರಡು ಗಂಟೆಗೆ ಅಂಗಳದಲ್ಲಿ ನಾಯಿ ಬೊಗಳಿತೆಂದು ಎಚ್ಚರವಾಯಿತು. ಎರಡನೆಯ ಸಲದ ಬೊಗಳು ನನ್ನ ಹಾಸಿಗೆಯಿಂದಲೇ ಕೇಳಿಸಿತು. ದೀಪ ಹಾಕಿದರೆ ಮಗ ಎದ್ದು ಕುಳಿತಿದ್ದಾನೆ. ಉಸಿರು ಒಳಗೆಳೆದಾಗಲೆಲ್ಲ ಗರಗಸ ಎಳೆದಂಥ ಸದ್ದು, ಅಳಲು ಹೋದರೆ ಗಂಟಲಲ್ಲಿ ಧ್ವನಿಯೇ ಇಲ್ಲ.

ಅತ್ತೆಯವರು ಬಜೆ ತೇಯಲು ಕುಳಿತರು. ನಾದಿನಿ ಹಬೆ ಹಿಡಿಸಲು ನೀರು ಕಾಯಲಿಟ್ಟಳು. ನಾನು ಎರಡಕ್ಕೂ ಕಾಯದೆ ಎದುರುಮನೆಯವರ ಕಾರು ಹತ್ತಿದೆ. ಮಗನನ್ನು ಹುಟ್ಟಿದಾಗಿನಿಂದ ನೋಡುವ ವೈದ್ಯರು ಬಾಗಲಕೋಟೆಯಲ್ಲಿದ್ದಾರೆ, ಅಲ್ಲಿಗೇ ಹೊರಟೆವು. ಆ ಕಾರಿನ ಹಿಂದಿನ ಕಿಟಕಿಯ ಗಾಜು ಏರುವುದಿಲ್ಲ. ದಾರಿಯುದ್ದಕ್ಕೂ ಚಳಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ನನ್ನ ಜೀವ ಹೋದಂತಾಗಿತ್ತು. ವಿಚಿತ್ರವೆಂದರೆ ಲೋಕಾಪುರ ದಾಟುವಷ್ಟರಲ್ಲಿ ಸದ್ದು ಇಳಿಯಿತು. ಗದ್ದನಕೇರಿ ಕ್ರಾಸ್ ಹತ್ತಿರ ಅವನು ಕಬ್ಬಿನ ಟ್ರ್ಯಾಕ್ಟರುಗಳಿಗೆ ಬೆರಳು ತೋರಿಸುತ್ತಿದ್ದ. ಯಜಮಾನರು ತಿರುಗಿ ಹೋಗೋಣ ಎಂದರು, ನಾನು ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ಮೇಜಿನ ಮೇಲೆ ಮಲಗಿಸಿದ ಕೂಡಲೇ ಅತ್ತ, ಸದ್ದು ಮರಳಿತು. ‘ಕ್ರೂಪ್’ ಎಂದರು. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಒಂದೇ ಒಂದು ಡೋಸ್ ಕುಡಿಸಿ, ನೆಬ್ಯುಲೈಸರಿನಲ್ಲಿ ಅಡ್ರಿನಲಿನ್ ಕೊಟ್ಟು, ಬೆಳಗಾಗುವವರೆಗೆ ಸುಮ್ಮನೆ ಕೂರಿಸಿಕೊಂಡರು. ಆ್ಯಂಟಿಬಯಾಟಿಕ್ ಬರೆಯಲಿಲ್ಲ.

ಈಗ ಮನೆಯಲ್ಲಿ, ಗಾಳಿಗೇ ವಾಸಿಯಾದದ್ದಕ್ಕೆ ಅಷ್ಟು ದೂರ ಓಡಿದಳು ಎಂಬ ಮಾತು. ಭಾವನವರಿಗೆ ಸ್ಟೀರಾಯ್ಡ್ ಎಂಬ ಹೆಸರಿನ ಭಯ. ನನಗಿರುವುದು ಇವತ್ತಿನ ರಾತ್ರಿಯ ಭಯ. ಏನು ನೋಡಿಕೊಳ್ಳಬೇಕು?

ವಿಜಯಪುರದ ನಿವೃತ್ತ ದಾದಿ:

ಮೊದಲು ನಿಮ್ಮ ಭಾವನವರಿಗೆ. ಕ್ರೂಪ್ ಎಂದರೆ ವೈರಸ್ಸಿನಿಂದ ಧ್ವನಿಪೆಟ್ಟಿಗೆ ಮತ್ತು ಅದರ ಕೆಳಗಿನ ಉಸಿರಿನ ಕೊಳವೆ ಬಾತುಕೊಳ್ಳುವುದು. ಆ್ಯಂಟಿಬಯಾಟಿಕ್ಕಿಗೆ ಅಲ್ಲಿ ಕೆಲಸವಿಲ್ಲ. ಬಾವು ಇಳಿಸುವುದು ಆ ಸ್ಟೀರಾಯ್ಡೇ; ಒಂದು ಡೋಸಿನಿಂದ ಮಗುವಿನ ಬೆಳವಣಿಗೆ ಕುಂಠಿತವಾಗುವುದಿಲ್ಲ. ಅಡ್ರಿನಲಿನ್ ಬೇಗ ಹಿಡಿಯುತ್ತದೆ, ಆದರೆ ಎರಡು ಗಂಟೆಯಲ್ಲಿ ಅದರ ಶಕ್ತಿ ಕರಗುತ್ತದೆ. ಆಮೇಲೆ ಸದ್ದು ಮರಳುತ್ತದೆಯೋ ಎಂದು ನೋಡಲು ಕೂರಿಸಿಕೊಂಡದ್ದು. ಸುಮ್ಮನೆ ಅಲ್ಲ, ತಾಯೀ!

ಗಾಳಿಯ ವಿಷಯ ಸುಳ್ಳಲ್ಲ. ಜಿನೀವಾದಲ್ಲಿ 118 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಹತ್ತು ಡಿಗ್ರಿಗಿಂತ ತಣ್ಣಗಿನ ಹೊರಗಾಳಿಯಲ್ಲಿ ಅರ್ಧ ಗಂಟೆ ಕೂರಿಸಿದ ಮಕ್ಕಳಿಗೆ ಬೇಗ ಸುಧಾರಿಸಿತು. ಆದರೆ ಆ ಮಕ್ಕಳಿಗೆಲ್ಲ ಇದೇ ಡೆಕ್ಸಾಮೆಥಸೋನನ್ನೂ ಕೊಟ್ಟಿದ್ದರು. ಗಾಳಿ ದಾರಿ ಸಾಗಿಸುತ್ತದೆ, ಆಸ್ಪತ್ರೆಗೆ ಬದಲಾಗುವುದಿಲ್ಲ.

ಒಂದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅಂಥ ಉಸಿರಿಟ್ಟುಕೊಂಡು ಮುಧೋಳ ಬಿಟ್ಟು ಬಾಗಲಕೋಟೆಗೆ ಹೋಗಬಾರದಿತ್ತು. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ಅಲ್ಲಿಂದ ಮುಂದೆ ಹೋಗಬೇಕು. 108ಕ್ಕೆ ಕರೆ ಮಾಡಿದರೆ ದಾರಿಯಲ್ಲಿ ಆಮ್ಲಜನಕವಾದರೂ ಜೊತೆಗಿರುತ್ತದೆ.

ಇವತ್ತು ರಾತ್ರಿ ಕೆಮ್ಮು ಬರಬಹುದು. ಎರಡು ಮೂರು ರಾತ್ರಿ ಕಾಡುವುದು ಇದರ ಸ್ವಭಾವ. ಕೆಮ್ಮನ್ನು ಎಣಿಸಬೇಡಿ. ಮಗು ಸುಮ್ಮನಿರುವಾಗ, ಅಳದೆ ನಿಮ್ಮ ತೊಡೆಯ ಮೇಲೆ ಕುಳಿತಿರುವಾಗ, ಆ ಗರಗಸದ ಸದ್ದು ಇದೆಯೇ ಎಂದು ಕಿವಿಗೊಡಿ. ಇದ್ದರೆ ಹೊರಡಿ. ಅಂಗಿ ಎತ್ತಿ ನೋಡಿ: ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಅದು ಪಕ್ಕೆ ಸೆಳೆತ, ಆಗಲೂ ಹೊರಡಿ. ತುಟಿ ನೀಲಿಯಾದರೆ, ಜೊಲ್ಲು ನುಂಗಲಾಗದೆ ಸುರಿಸುತ್ತಿದ್ದರೆ ಒಂದು ಕ್ಷಣವೂ ತಡೆಯಬೇಡಿ, ಚಮಚ ಹಾಕಿ ಗಂಟಲು ನೋಡಲೂ ಹೋಗಬೇಡಿ. ಇನ್ನೊಂದು, ಇದನ್ನು ಮನೆಯವರಿಗೂ ಓದಿ ಹೇಳಿ: ಸದ್ದು ಇಳಿದದ್ದೆಲ್ಲ ಸುಧಾರಣೆಯಲ್ಲ. ಉಸಿರೆಳೆದು ದಣಿದ ಮಗುವಿನಲ್ಲೂ ಸದ್ದು ಕುಗ್ಗುತ್ತದೆ. ನಿಮ್ಮವನು ಟ್ರ್ಯಾಕ್ಟರ್ ತೋರಿಸಿದ, ಹಾಗಾಗಿ ಅದು ನಿಜವಾದ ಸುಧಾರಣೆ. ಕಣ್ಣು ತೇಲಿಸಿಕೊಂಡು ಮಂಕಾಗಿ ಬಿದ್ದುಕೊಂಡಿದ್ದರೆ ಅದು ಬೇರೆ ಮಾತು.

ಜ್ವರ ಬಂದರೆ ಚೀಟಿಯಲ್ಲಿ ಬರೆದ ಅಳತೆಯಷ್ಟೇ ಪ್ಯಾರಾಸಿಟಮಾಲ್. ಅಂಗಡಿಯ ಕೆಮ್ಮಿನ ಸಿರಪ್ ಬೇಡವೇ ಬೇಡ. ಗುಟುಕು ಗುಟುಕಾಗಿ ನೀರು ಕುಡಿಸುತ್ತಿರಿ. ಮಲಗಿಸುವುದಕ್ಕಿಂತ ಎತ್ತಿಕೊಂಡು ಕೂರುವುದು ಒಳ್ಳೆಯದು. ಅವನನ್ನು ಅಳಿಸಬೇಡಿ, ಅತ್ತಷ್ಟೂ ಕೊಳವೆ ಬಿಗಿಯುತ್ತದೆ.

ಜಮಖಂಡಿಯ ಅಜ್ಜ:

ನಾದಿನಿಯವರ ಆ ಪಾತ್ರೆಯ ಬಗ್ಗೆ ಎರಡು ಮಾತು. ನಮ್ಮ ಮೊಮ್ಮಗಳಿಗೆ ಹೀಗೆಯೇ ಹಬೆ ಹಿಡಿಸಲು ಹೋಗಿ, ಅವಳು ಕಾಲು ಝಾಡಿಸಿ, ಕುದಿನೀರು ತೊಡೆಯ ಮೇಲೆ ಚೆಲ್ಲಿತು. ಕೆಮ್ಮು ಐದು ದಿನಕ್ಕೆ ಹೋಯಿತು, ಸುಟ್ಟ ಕಲೆ ಇವತ್ತಿಗೂ ಇದೆ. ಪಾತ್ರೆ ಹಿಡಿದಿದ್ದವನು ನಾನೇ. ಹಬೆಯಿಂದ ಕ್ರೂಪಿಗೆ ಉಪಯೋಗವಿಲ್ಲವೆಂದು ಆಮೇಲೆ ವೈದ್ಯರು ಹೇಳಿದರು.

ಇಳಕಲ್‌ನ ತಂದೆ:

ನೆಗಡಿಯೇ ಇಲ್ಲದೆ, ಆಡುತ್ತಾ ಇದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿದರೆ ಕ್ರೂಪ್ ಎಂದು ಗಾಳಿಗೆ ಹಿಡಿದುಕೊಂಡು ಕೂರಬೇಡಿ. ನಮ್ಮ ಮಗಳ ಶ್ವಾಸನಾಳದಲ್ಲಿ ಸಿಕ್ಕಿದ್ದು ಅರ್ಧ ಶೇಂಗಾ. ಮನೆಯಲ್ಲಿ ಶೇಂಗಾ ಸುಲಿಯುತ್ತಿದ್ದರು, ಯಾರೂ ನೋಡಿರಲಿಲ್ಲ. ದುರ್ಬೀನು ಹಾಕಿ ತೆಗೆಯಬೇಕಾಯಿತು.

ಮುಧೋಳದ ತಾಯಿ:

ಎಲ್ಲರಿಗೂ ವಂದನೆ. ರಾತ್ರಿ ಒಂದೂಕಾಲಿಗೆ ಮತ್ತೆ ಬೊಗಳು ಕೆಮ್ಮು ಬಂತು. ಕೌದಿ ಸುತ್ತಿ ಕಟ್ಟೆಯ ಮೇಲೆ ಎತ್ತಿಕೊಂಡು ಕುಳಿತೆ. ಆಲೆಮನೆಯ ಹೊಗೆ ಆ ಬದಿಯಿಂದ ಬರುತ್ತಿತ್ತು, ಹಾಗಾಗಿ ಹಿತ್ತಲಿಗೆ ಹೋದೆ. ಅಂಗಿ ಎತ್ತಿ ಬ್ಯಾಟರಿ ಬಿಟ್ಟು ನೋಡಿದೆ: ಪಕ್ಕೆ ಸೆಳೆಯುತ್ತಿರಲಿಲ್ಲ, ಸುಮ್ಮನಿದ್ದಾಗ ಸದ್ದೂ ಇರಲಿಲ್ಲ. ಎದುರುಮನೆಯವರು ಕಾರಿನ ಕೀಲಿ ಕೊಟ್ಟೇ ಮಲಗಿದ್ದರು, ಅದು ಬೇಕಾಗಲಿಲ್ಲ. ಅತ್ತೆಯವರು ಪಕ್ಕದಲ್ಲಿ ಕುಳಿತು ಅವನ ಪಾದ ಉಜ್ಜುತ್ತಿದ್ದರು. ದೂರದಲ್ಲಿ ಹಾಡು ಹಾಕಿಕೊಂಡು ಟ್ರ್ಯಾಕ್ಟರೊಂದು ಕಾರ್ಖಾನೆಯ ಕಡೆಗೆ ಹೋಯಿತು. ಕೌದಿಯೊಳಗಿಂದ ಒಂದು ಬೆರಳು ಹೊರಬಂತು.